ಯೆಜ್ಡಿ ಕುತ್ತಿಗೆಯ ಮಂಚಮ್ಮ

ನಾಗರಾಜುವಿನ ಯೆಜ್ಡಿ ಮೋಟಾರ್ ಸೈಕಲ್ಲು ಬೀದಿಯಲ್ಲಿ ಬಂದರೆ ಕಿರಂಗೂರಿನ ಜಗುಲಿ ಕಟ್ಟೆಯ ಮುದುಕರು ಬೇಕೆಂದೇ ಎದ್ದು ನಿಂತು ಕೈ ಮುಗಿಯುತ್ತಿದ್ದರು. ‘ನಿಂಗಲ್ಲ ಕಣ್ಲಾ, ನಿನ್ ಗಾಡೀಲಿ ಕುಂತಿರೋ ಅವ್ವಂಗೆ’ ಎಂದು ನಗುತ್ತಿದ್ದರು. ಹ್ಯಾಂಡಲಿನ ಕೆಳಗೆ, ಗಾಡಿಯ ಕುತ್ತಿಗೆಯ ಬಲಮಗ್ಗುಲಲ್ಲಿ, ಬೆಲ್ಲದಚ್ಚಿನಷ್ಟು ಅಗಲದ ಒಂದು ಹಿತ್ತಾಳೆಯ ಮುಖ. ಕಣ್ಣು ಬಿಟ್ಟ ಮಂಚಮ್ಮ, ಅವರ ಮನೆದೇವರು.

ನಾಗರಾಜುವಿನ ಹೆಂಡತಿ ಪುಟ್ಟಗೌರಮ್ಮ ಮಾತ್ರ ಆ ತಮಾಷೆಗೆ ಒಂದು ದಿನವೂ ನಕ್ಕವಳಲ್ಲ.

ನಗುವುದಾದರೂ ಹೇಗೆ? ಮೂರು ವರ್ಷದ ಹಿಂದೆ, ಅವಳ ಮದುವೆಯಾಗಿ ಎಂಟು ತಿಂಗಳಾಗಿದ್ದಾಗ, ಗಂಡ ಪಾಂಡವಪುರದ ಕಡೆಯಿಂದ ನಾಲೆ ಏರಿಯ ಮೇಲೆ ಬರುತ್ತಾ ಗಾಡಿಯ ಸಮೇತ ನಾಲೆಗೆ ಬಿದ್ದಿದ್ದ. ಅಣೆಕಟ್ಟೆಯಿಂದ ನೀರು ಬಿಟ್ಟ ಹೊಸದು, ನಾಲೆ ಎರಡೂ ದಡ ತುಂಬಿ ಸದ್ದಿಲ್ಲದೆ ಹರಿಯುತ್ತಿತ್ತು. ಅವನಿಗೆ ಈಜು ಬಾರದು. ಜಾಲಿಯ ಕೊಂಬೆಯೊಂದು ಅಂಗಿಯ ಬೆನ್ನಿಗೆ ಸಿಕ್ಕಿಕೊಂಡಿದ್ದರಿಂದ ಉಳಿದ. ಅಂಗಳದಲ್ಲಿ ಕೂತು, ಬಾಯಿ ತೆರೆದರೂ ಮಾತು ಬಾರದೆ, ಮೈಯಿಂದ ನೀರು ಸುರಿಸುತ್ತಾ ಗಡಗಡ ನಡುಗುತ್ತಿದ್ದ ಗಂಡನನ್ನು ಗೌರ ನೋಡಿದ್ದಳು. ಆವತ್ತು ಅವಳ ಎದೆಗೆ ಹೊಕ್ಕ ತಣ್ಣಗಿನದು ಏನೋ ಮತ್ತೆ ಹೊರಗೆ ಹೋಗಿರಲಿಲ್ಲ.

ಗಾಡಿಯನ್ನು ಹಗ್ಗ ಕಟ್ಟಿ ಎಳೆದು ರಿಪೇರಿ ಮಾಡಿಸಿದ ವಾರದಲ್ಲೇ ಅತ್ತೆ ದ್ಯಾವಮ್ಮ ಕೆ.ಆರ್. ಪೇಟೆಗೆ ಹೋಗಿ, ಕಂಚುಗಾರರ ಕೈಲಿ ಮಂಚಮ್ಮನ ಮುಖ ಮಾಡಿಸಿಕೊಂಡು ಬಂದಳು. ನಟ್ಟು ಬೋಲ್ಟಲ್ಲಿ ಕೂರಿಸೋಣ ಎಂದ ಗ್ಯಾಸ್ ಬೆಸುಗೆಯವನಿಗೆ, ‘ಬಿಚ್ಚಕಾಯ್ತದೆ ಅಂದ್ರೆ ಯಾರಾನಾ ಬಿಚ್ಕೊಂಡೋಯ್ತಾರೆ ಕಣಪ್ಪ. ಕಬ್ಬುಣ ಯಾವ್ದು, ಅವ್ವ ಯಾವ್ದು ಅಂತ ಗೊತ್ತಾಗ್ಬಾರ್ದು, ಅಂಗೆ ಬೆಸ್ದುಬುಡು’ ಎಂದಳು. ಅವನು ಹಾಗೆಯೇ ಸುತ್ತಲೂ ಹಿತ್ತಾಳೆ ಹರಿಸಿ ಬೆಸೆದುಬಿಟ್ಟ. ಅಲ್ಲಿಂದಾಚೆಗೆ ಶುಕ್ರವಾರ ಶುಕ್ರವಾರ ಅರಿಶಿನ, ಕುಂಕುಮ, ಒಂದೆಸಳು ಹೂವು. ಆಮೇಲೆ ನಾಗರಾಜುವಿನ ಮೈಮೇಲೆ ಒಂದು ತರಚು ಗಾಯ ಕೂಡ ಆಗಲಿಲ್ಲ. ಅವನದೋ ಊರೂರು ಸುತ್ತುವ ಕೆಲಸ. ಹಾಲಿನ ಸಂಘದವರ ಕಡೆಯಿಂದ ಬೆದೆಗೆ ಬಂದ ಹಸುಗಳಿಗೆ ಇಂಜೆಕ್ಷನ್ನು ಕೊಡುವವನು. ಪಾಲಹಳ್ಳಿಯಿಂದ ಹೇಳಿ ಕಳಿಸಿದರೂ ಹೊರಡಬೇಕು, ಪಾಂಡವಪುರದ ಆಚೆಯಿಂದ ಹೇಳಿ ಕಳಿಸಿದರೂ ಹೊರಡಬೇಕು. ಎತ್ತ ಹೋದರೂ ನಾಲೆ.

ಗಾಡಿ ಎಂಬತ್ತೊಂದನೇ ಇಸವಿಯದು. ಈಗ ತೊಂಬತ್ತಾರು. ಹದಿನೈದು ವರ್ಷ ತುಂಬಿದ ಗಾಡಿಯನ್ನು ಸಾರಿಗೆ ಇಲಾಖೆಯ ಬ್ರೇಕ್ ಇನ್ಸ್‌ಪೆಕ್ಟರಿಗೆ ತೋರಿಸಿ, ಓಡಿಸಲು ಯೋಗ್ಯ ಎಂದು ಬರೆಸಿಕೊಳ್ಳಬೇಕು. ಗುರುವಾರ ಪಾಂಡವಪುರದ ಪ್ರವಾಸಿ ಮಂದಿರದ ಬಯಲಿನಲ್ಲಿ ಅವರ ಕ್ಯಾಂಪು. ನಾಗರಾಜು ಹದಿನೈದು ದಿನದಿಂದ ಗಾಡಿಗೆ ಮದುವಣಗಿತ್ತಿಯ ಸೇವೆ ಮಾಡಿದ್ದ. ಹೊಸ ಬ್ರೇಕ್ ಶೂ, ಹಾರನ್ನು, ಹಿಂದಿನ ದೀಪಕ್ಕೆ ಬಲ್ಬು, ನಂಬರ್ ಪ್ಲೇಟಿಗೆ ಬಣ್ಣ. ಎಲ್ಲ ಮುಗಿದ ಮೇಲೆ ಅರ್ಜಿಯ ಹಾಳೆಯನ್ನು ಓದಿ ನೋಡಿದರೆ, ಗಾಡಿಯ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದು ಅಂಟಿಸಬೇಕು ಎಂದಿತ್ತು. ಚಾಸಿ ನಂಬರು ಕೊರೆದಿರುವುದು ಕುತ್ತಿಗೆಯ ಬಲಮಗ್ಗುಲಲ್ಲಿ.

ಅದರ ಮೇಲೆ ಮಂಚಮ್ಮ ಕೂತಿದ್ದಳು.

‘ಎತ್ತುಸ್ಬೇಕು ಕಣವ್ವ, ಬ್ಯಾರೆ ದಾರಿ ಇಲ್ಲ’ ಎಂದ ನಾಗರಾಜು, ಬುಧವಾರ ಬೆಳಿಗ್ಗೆ, ಅಂಗಳದಲ್ಲಿ.

ದ್ಯಾವಮ್ಮ ಮೊರದಲ್ಲಿ ಹಾಕಿಕೊಂಡಿದ್ದ ಅಕ್ಕಿಯನ್ನು ಕೆಳಗಿಟ್ಟಳು. ‘ಯಾರ್ಲಾ ಅವ್ನು ಎತ್ತು ಅಂದೋನು?’

‘ಗೌರ್ಮೆಂಟು.’

‘ನೀನು ನಾಲೇಲಿ ಮುಳುಗ್ತಿದ್ದಾಗ ಎಲ್ಲೋಗಿತ್ತು ನಿನ್ ಗೌರ್ಮೆಂಟು?’

ನಾಗರಾಜು ಹೆಂಡತಿಯಿಂದಲಾದರೂ ಒಂದು ಮಾತು ಬಂದೀತೇನೋ ಎಂದು ಗೌರಳ ಕಡೆ ನೋಡಿದ. ಗೌರ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಳು. ಎತ್ತದಿದ್ದರೆ ಗಾಡಿ ಮನೆಯಲ್ಲೇ, ಕೆಲಸ ಹೋದ ಹಾಗೆಯೇ. ಎತ್ತಿದರೆ ನಾಲೆ ಏರಿಯ ಮೇಲೆ ಗಂಡ ಒಬ್ಬನೇ.

‘ಅವ್ವನ್ನೇ ಕೇಳಾನ’ ಎಂದಳು ದ್ಯಾವಮ್ಮ ಕೊನೆಗೆ. ‘ಅವ್ಳು ಹೂವ ಬಲಕ್ಕೆ ಕೊಟ್ರೆ ಎತ್ತು. ಎಡಕ್ಕೆ ಕೊಟ್ರೆ ಗಾಡಿ ಮುಟ್ಬ್ಯಾಡ.’

ತಲೆಗೆ ನೀರು ಹಾಕಿಕೊಂಡು ಬಂದು, ಒದ್ದೆ ಕಣಗಿಲೆಯ ಹೂವೊಂದನ್ನು ಮಂಚಮ್ಮನ ಹಣೆಗೆ ಅಂಟಿಸಿ, ಕೈ ಕಟ್ಟಿ ನಿಂತಳು. ಹೂವು ಸ್ವಲ್ಪ ಹೊತ್ತು ಹಾಗೇ ಇದ್ದು, ಮೆಲ್ಲಗೆ ಜಾರಿ, ಎಡಕ್ಕೆ ಬಿತ್ತು. ಎರಡನೇ ಸಲವೂ ಎಡಕ್ಕೆ. ಮೂರನೇ ಸಲವೂ ಎಡಕ್ಕೆ.

‘ಅಲ್ಲ ಕಣವ್ವ, ಗಾಡಿ ಸೈಡ್ ಸ್ಟ್ಯಾಂಡಲ್ಲಿ ಎಡಕ್ಕೆ ವಾಲ್ಕೊಂಡದೆ’ ಎಂದ ನಾಗರಾಜು. ‘ಹೂವ ಇನ್ಯಾವ ಕಡೆ ಬಿದ್ದಾತು? ದೊಡ್ಡ ಸ್ಟ್ಯಾಂಡ್ ಹಾಕ್ತೀನಿ ತಾಳು.’

‘ದೇವ್ರಿಗೇ ಸ್ಟ್ಯಾಂಡ್ ಹಾಕೋಕೆ ಬಂದ್ಯೇನ್ಲಾ?’ ಎಂದವಳೇ ದ್ಯಾವಮ್ಮ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟಳು. ಸಂಜೆಯವರೆಗೂ ನೀರು ಮುಟ್ಟಲಿಲ್ಲ. ‘ಓಗಾದಾದ್ರೆ ಓಗಿ. ನಾನು ನೋಡಕಿಲ್ಲ’ ಎಂದಷ್ಟೇ ಹೇಳಿದಳು.

ಸೈಡ್ ಸ್ಟ್ಯಾಂಡು ವಾಲಿದ್ದು ನಿಜ. ಗೌರಳೂ ಕಣ್ಣಾರೆ ನೋಡಿದ್ದಳು. ಆದರೂ ಮುಸುರೆ ತಿಕ್ಕುವಾಗ, ಸೌದೆ ಒಟ್ಟುವಾಗ, ಅವಳ ಮನಸ್ಸು ಅದನ್ನೇ ಕುಟುಕುತ್ತಿತ್ತು: ಮೂರು ಸಲವೂನಾ?

ಅವಳನ್ನು ಬೆಳೆಸಿದವಳು ನಾಗಮಂಗಲದ ಕಡೆಯ ಅಜ್ಜಿ, ಕುಳ್ಳಮ್ಮ. ರಾಗಿ ಬೀಸುತ್ತಾ ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ, ಕೆರೆಯ ತೂಬು ಸರಿಮಾಡಲು ಏರಿಯ ಮೇಲಿನ ಅಮ್ಮನ ಕಲ್ಲನ್ನು ಒಂದು ಮಾರು ಪಕ್ಕಕ್ಕೆ ಇಡಬೇಕಾಗಿತ್ತು. ಊರಿನವರು ಯಾರೂ ಮುಟ್ಟಲಿಲ್ಲ. ಗೌಡ ಉಪಾಯಗಾರ. ದಾರಿಯಲ್ಲಿ ಹೋಗುತ್ತಿದ್ದ ಪರದೇಶಿಯೊಬ್ಬನಿಗೆ ಅನ್ನ ಹಾಕಿ ಅವನ ಕೈಲಿ ಕಲ್ಲು ಎತ್ತಿಸಿದ. ಎತ್ತಿದವನಿಗೆ ಏನೂ ಆಗಲಿಲ್ಲ. ಅನ್ನ ಉಂಡು, ಕೈ ತೊಳೆದು, ತನ್ನ ದಾರಿ ಹಿಡಿದು ಹೋದ. ಗೌಡನ ಮನೆಯಲ್ಲಿ ಮಾತ್ರ ಆ ವರ್ಷ ಒಲೆಯ ಮೇಲೆ ಇಟ್ಟ ಹಾಲು ಒಮ್ಮೆಯೂ ಉಕ್ಕಲಿಲ್ಲ, ತೊಟ್ಟಿಲು ಒಮ್ಮೆಯೂ ತೂಗಲಿಲ್ಲ. ‘ಎತ್ತಿದ ಕೈಯ ಅವ್ಳು ಕೇಳಕಿಲ್ಲ ಕಣೆ ಕೂಸೆ’ ಎನ್ನುತ್ತಿದ್ದಳು ಅಜ್ಜಿ, ಬೀಸುಗಲ್ಲಿಗೆ ಇನ್ನೊಂದು ಹಿಡಿ ಹಾಕುತ್ತಾ. ‘ಎತ್ತಿಸಿದ ಕೈಯ ಹುಡುಕ್ಕೊಂಡು ಬತ್ತಾಳೆ. ನಾನೇ ಕಣವ್ವ ಅಂತ ಮುಂದೆ ನಿಂತ್ಕೊಂಡ್ರೆ ಅವ್ರೊಬ್ರ ಮೇಲೇ ನಿಂತ್ಕತದೆ. ಇಲ್ದಿದ್ರೆ ಮನೆ ಮಂದಿಗೆಲ್ಲ.’

ಒಲೆಯ ಮುಂದೆ ಕೂತಿದ್ದ ಗೌರಳಿಗೆ ಆಗ ದಾರಿ ಕಂಡಿತು.

‘ನಾಳೆ ನಾನೂ ಬತ್ತೀನಿ’ ಎಂದಳು ಗಂಡನಿಗೆ.

‘ಕ್ಯಾಂಪಲ್ಲಿ ಹೆಂಗುಸ್ರು ಯಾರೂ ಇರಕಿಲ್ಲ ಕಣೆ.’

‘ಇರ್ದಿದ್ರೆ ಬುಡಿ. ಬತ್ತೀನಿ.’

ಗುರುವಾರ ಹೊತ್ತು ಮೂಡುವ ವೇಳೆಗೆ ಇಬ್ಬರೂ ನಾಲೆ ಏರಿಯ ಮೇಲಿದ್ದರು. ಬಲಗಡೆ ನೀರು. ಗೌರ ಅದನ್ನು ನೋಡಬಾರದೆಂದು ಗಂಡನ ಅಂಗಿಯ ಹೊಲಿಗೆಯನ್ನೇ ನೋಡುತ್ತಾ ಕೂತಳು. ಹೋಗುವಾಗ ಅವ್ವ ಮುಂದೆ ಇದ್ದಾಳೆ. ಬರುವಾಗ? ಒಂದೊಂದು ಗುಂಡಿಗೂ ಅವನ ಅಂಗಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ವಜೀರ್ ಪಾಷಾನ ಗ್ಯಾರೇಜು ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದೆ. ಯೆಜ್ಡಿಯ ಸದ್ದು ಕೇಳಿಯೇ ಅದಕ್ಕೆ ಎಲ್ಲಿ ನೋವು ಎಂದು ಹೇಳುವ ಮನುಷ್ಯ. ಮಂಚಮ್ಮನನ್ನು ನೋಡಿ, ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡ.

‘ಅಮ್ಮ ಒಪ್ಪಿದ್ರಾ ನಾಗ್ರಾಜು?’

ನಾಗರಾಜು ಗಾಡಿಯ ಚಕ್ರ ನೋಡಿದ.

‘ಅಂದ್ರೆ ಇಲ್ಲ’ ಎಂದ ಪಾಷಾ. ‘ದೇಖೋ ತಮ್ಮಾ, ಬೆಂಕಿ ನಾನ್ ಕೊಡ್ತೀನಿ, ಅದು ನನ್ ಕೆಲ್ಸ. ದೇವ್ರನ್ನ ಎತ್ತೋದು ನನ್ ಕೆಲ್ಸ ಅಲ್ಲ. ನಿಮ್ಮನೇವ್ರೇ ಯಾರಾದ್ರೂ ಎತ್ಬೇಕು.’

‘ನಾನೇ ಎತ್ತೋದು ಅಣ್ಣಾ’ ಎಂದಳು ಗೌರ.

ಗಂಡ ಅವಳ ಮುಖ ನೋಡಿದ. ಪಾಷಾ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರ ಇಟ್ಟ. ಕುತ್ತಿಗೆಯ ಮೇಲಕ್ಕೂ ಕೆಳಕ್ಕೂ ಒದ್ದೆ ಗೋಣಿ ಸುತ್ತಿದ. ಅವಳ ಕೈಗೆ ಉದ್ದನೆಯ ಇಕ್ಕಳ ಕೊಟ್ಟ. ‘ಹಿತ್ತಾಳೆ ಬೆವರು ಬಿಟ್ಟಂಗೆ ಆಗ್ತದೆ ತಂಗ್ಯವ್ವಾ. ಆವಾಗ ನಾನ್ ಹೂಂ ಅಂತೀನಿ. ತಡ ಮಾಡ್ಬೇಡ.’

ನೀಲಿ ಜ್ವಾಲೆ ಮಂಚಮ್ಮನ ಕೆನ್ನೆಗೆ ತಾಗಿತು. ಮೂರು ವರ್ಷದ ಕುಂಕುಮ ಮೊದಲು ಕಪ್ಪಾಗಿ, ಹೊಗೆಯಾಗಿ, ಸುಟ್ಟ ಹೂವಿನ ವಾಸನೆ ಬಂತು. ಮುಖ ಕೆಂಪಗಾಯಿತು. ಬಿಟ್ಟ ಕಣ್ಣು ಬಿಟ್ಟ ಹಾಗೇ ಇತ್ತು, ಅದು ತನ್ನನ್ನೇ ನೋಡುತ್ತಿದೆ ಎಂದು ಗೌರಳಿಗೆ ಅನ್ನಿಸಿತು. ಇಕ್ಕಳವನ್ನು ಎರಡೂ ಕೈಯಲ್ಲಿ ಹಿಡಿದಳು.

‘ಹೂಂ.’

‘ನಾನೇ ಕಣವ್ವ’ ಎಂದಳು ಗೌರ, ತುಟಿಯೊಳಗೆ. ‘ಎತ್ತಿಸ್ತಿರೋಳೂ ನಾನೇ, ಎತ್ತುತಿರೋಳೂ ನಾನೇ. ಏನಿದ್ರೂ ನನ್ ಮೇಲೆ. ಅವ್ರ ತಂಟೆಗೆ ಓಗ್ಬ್ಯಾಡ.’

ಮುಖ ಅಂಟಿನಂತೆ ಎಳೆದುಕೊಂಡು ಬಂತು. ಒದ್ದೆ ಗೋಣಿಯ ಮೇಲೆ ಇಟ್ಟಾಗ ಚುರ್ರ್ ಎಂದು ಕೂಗಿತು. ಗೌರ ಕಣ್ಣು ಮುಚ್ಚಿ ನಿಂತಳು. ಏನಾದರೂ ಆಗುವುದಾದರೆ ಈಗಲೇ ಆಗಲಿ ಎಂದು ಕಾದಳು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬ ಕೆ.ಆರ್. ಪೇಟೆ, ಕೆ.ಆರ್. ಪೇಟೆ ಎಂದು ಕೂಗುತ್ತಿದ್ದ. ಮತ್ತೇನೂ ಆಗಲಿಲ್ಲ.

ಕಣ್ಣು ಬಿಟ್ಟಾಗ ಪಾಷಾ ಕುತ್ತಿಗೆಯ ಹತ್ತಿರ ಬಗ್ಗಿ ನೋಡುತ್ತಿದ್ದ. ಅವನು ಅಷ್ಟು ಹೊತ್ತು ಬಗ್ಗಿದ್ದು ಅವಳಿಗೆ ಸರಿ ಕಾಣಲಿಲ್ಲ. ಕಬ್ಬಿಣ ಆರಿದ ಮೇಲೆ ಅವನು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಆ ಜಾಗವನ್ನು ಒರೆಸಿದ, ಒಣಗಿದ ಬಟ್ಟೆಯಿಂದ ಮತ್ತೆ ಒರೆಸಿದ, ಸೀಮೆಸುಣ್ಣದ ಪುಡಿ ಬಳಿದ. ಬಿಳಿಯ ಪುಡಿಯ ಮೇಲೆ, ಯಾರೂ ಎಳೆಯದೇ, ಒಂದು ಕಪ್ಪು ಗೆರೆ ಮೆಲ್ಲಗೆ ಮೂಡಿಬಂತು. ಕೂದಲೆಳೆಯಂಥ ಗೆರೆ. ಕುತ್ತಿಗೆಯ ಅರ್ಧ ಸುತ್ತು.

‘ಬಿರುಕು’ ಎಂದ ಪಾಷಾ. ‘ಒಳಗೆ ಉಳಿದ ಎಣ್ಣೆ ಹೊರಗೆ ಬರ್ತಾ ಐತೆ ನೋಡು.’

‘ಬೆಂಕಿ ಕೊಟ್ಟಿದ್ದಕ್ಕಾ?’ ಎಂದ ನಾಗರಾಜು.

‘ಇವತ್ತಿಂದಲ್ಲ. ಒಳಗೆಲ್ಲಾ ತುಕ್ಕು ಹಿಡಿದೈತೆ. ನಾಲೆಗೆ ಬಿದ್ದಾಗ ಬಿಟ್ಟಿರೋದು. ಈ ಅಮ್ಮನ ಹಿತ್ತಾಳೆ ಆ ಕಡೆಗೂ ಈ ಕಡೆಗೂ ಹಿಡ್ಕೊಂಡಿತ್ತು, ಅದಕ್ಕೇ ಮೂರು ವರ್ಷ ನಡೀತು. ಅದೂ ಒಂದು ಮೂಲೇಲಿ ಬಿಟ್ಕೊಳ್ತಾ ಇತ್ತು.’ ಪಾಷಾ ತನ್ನ ಬಲಗೈಯನ್ನು ಎಡಗೈಯ ಮೇಲಿಟ್ಟು, ಥಟ್ಟನೆ ಬೇರೆ ಮಾಡಿ ತೋರಿಸಿದ. ‘ಹೋಗ್ತಾ ಹೋಗ್ತಾ ಹ್ಯಾಂಡಲ್ಲೂ ಮುಂದಿನ ಚಕ್ರಾನೂ ಒಂದ್ ಕಡೆ, ನೀವ್ ಒಂದ್ ಕಡೆ. ಅಲ್ಲಾ ಕಾಪಾಡ್ದ.’

ಗೌರ ಅಲ್ಲೇ ಹಳೆಯ ಟೈರಿನ ಮೇಲೆ ಕೂತುಬಿಟ್ಟಳು. ಬೆಳಿಗ್ಗೆ ಬಂದ ಏರಿ ಕಣ್ಣ ಮುಂದೆ ಬಂತು, ಒಂದೊಂದು ಗುಂಡಿಯೂ ಬಂತು.

ನಾಗರಾಜು ಅವಳ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ‘ನಾಕು ತಿಂಗ್ಳಿಂದ ಹ್ಯಾಂಡ್ಲಲ್ಲಿ ಟಕ್ ಟಕ್ ಅಂತಿತ್ತು ಕಣೆ’ ಎಂದ. ‘ಬ್ರೇಕ್ ಹಾಕ್ದಾಗೆಲ್ಲ. ಅವ್ವ ಅಲ್ಲಾಡ್ತಾವ್ಳೆ ಅನ್ಕೊಂಡೆ. ಹೇಳಿದ್ರೆ ನಮ್ಮವ್ವ ಗಾಡೀನೇ ಬುಡುಸ್ತಾಳೆ ಅಂತ ಬಾಯಿ ಬುಡ್ಲಿಲ್ಲ. ದಿನಾ ಏರಿ ಮೇಲೆ ಬರುವಾಗ ಉಸ್ರು ಬಿಗಿ ಹಿಡ್ಕೊಂಡೇ ಬತ್ತಿದ್ದೆ.’

ಮೂರು ವರ್ಷ ಅವಳು ತನ್ನೊಬ್ಬಳದೇ ಎಂದುಕೊಂಡಿದ್ದ ಭಯ ಅದೇ ಮನೆಯಲ್ಲಿ, ಅದೇ ಚಾಪೆಯ ಮೇಲೆ, ಅವನ ಜೊತೆಗೂ ಮಲಗಿ ಏಳುತ್ತಿತ್ತು. ಗೌರಳಿಗೆ ಬೈಯಬೇಕೆನ್ನಿಸಿತು.

ಪಾಷಾ ಬಿರುಕನ್ನು ಉದ್ದಕ್ಕೂ ಅರದಿಂದ ಕೊರೆದು, ಕರೆಂಟಿನ ವೆಲ್ಡಿಂಗ್ ಹಾಕಿದ. ಪಟ್ಟಿ ಬೆಸೆದು ಬಿಗಿ ಮಾಡಿದ. ನಂಬರಿನ ಮೇಲೆ ಉಳಿದಿದ್ದ ಹಿತ್ತಾಳೆಯನ್ನು ಮೆಲ್ಲಗೆ ಉಜ್ಜಿದ. ಕಬ್ಬಿಣದ ಬಣ್ಣ ಬಂದ ಕೂಡಲೇ ಕೈ ನಿಲ್ಲಿಸಿದ. ‘ಇನ್ನೊಂದ್ ಕೂದಲಷ್ಟು ಉಜ್ಜಿದ್ರೆ ನಂಬರೇ ಹೋಗ್ತದೆ. ಹೋದ್ರೆ ಕಳ್ಳ ಗಾಡಿ ಅಂತಾರೆ. ಇಷ್ಟೇ ಇರ್ಲಿ, ಇನ್ಸ್‌ಪೆಕ್ಟರ್ ಸಾಬ್ರಿಗೆ ನಿಜಾನೇ ಹೇಳಿ.’

ಪ್ರವಾಸಿ ಮಂದಿರದ ಬಯಲಿನಲ್ಲಿ ಹೊಂಗೆ ಮರದ ನೆರಳಿಗೆ ಮೇಜು ಹಾಕಿದ್ದರು. ಟ್ರಾಕ್ಟರು, ಟೆಂಪೊ, ಸ್ಕೂಟರುಗಳ ಸಾಲು. ಬ್ರೇಕ್ ಇನ್ಸ್‌ಪೆಕ್ಟರು ಕನ್ನಡಕದ ಸಣಕಲು ಮನುಷ್ಯ. ದೀಪ, ಹಾರನ್ನು ಎಲ್ಲ ನೋಡಿ, ಕುತ್ತಿಗೆಗೆ ಕಾಗದ ಹಿಡಿದು ಪೆನ್ಸಿಲ್ಲಿನಿಂದ ಉಜ್ಜಿದರು. ಕಾಗದವೆಲ್ಲ ಬೂದು ಬಣ್ಣವಾಯಿತು. ಒಂದು ಅಂಕಿಯೂ ಏಳಲಿಲ್ಲ.

‘ನಂಬರ್ ಎಲ್ಲಯ್ಯ?’

ನಾಗರಾಜು ಕುತ್ತಿಗೆಯ ಕಡೆ ಬೆರಳು ತೋರಿಸಿದ.

‘ಹೊಸ ವೆಲ್ಡಿಂಗು, ಉಜ್ಜಿದ ನಂಬರು. ಯಾರದಯ್ಯ ಗಾಡಿ?’ ಸಾಲಿನಲ್ಲಿದ್ದವರು ಕತ್ತು ಚಾಚಿದರು. ಪಕ್ಕದಲ್ಲಿದ್ದ ಪೊಲೀಸಿನವನು ಕುರ್ಚಿಯಿಂದ ಎದ್ದ.

ಅವ್ವ ಈಗ ಬಂದಳು ಎಂದುಕೊಂಡಳು ಗೌರ. ನನ್ನ ಮೇಲೆ ಎಂದಿದ್ದೆನಲ್ಲ, ಅವರ ಮೇಲೆ ಯಾಕೆ? ಮುಂದೆ ಬಂದು, ಬಟ್ಟೆಯ ಚೀಲದಿಂದ ಮಂಚಮ್ಮನನ್ನು ತೆಗೆದು ಅರ್ಜಿಗಳ ಮೇಲೆ ಇಟ್ಟಳು. ಸುಟ್ಟು ಕಪ್ಪಾದ ಮುಖ, ಬಿಟ್ಟ ಕಣ್ಣು.

‘ಈವಮ್ಮ ಅದ್ರ ಮೇಲೆ ಕುಂತಿದ್ಲು ಸ್ವಾಮಿ. ಇವತ್ ಬೆಳಿಗ್ಗೆ ನಾನೇ ಎತ್ತಿದ್ದು. ಇವ್ರದೇನೂ ಇಲ್ಲ. ನಂಬರು ಅಲ್ಲೇ ಅದೆ, ಹಿತ್ತಾಳೆ ತುಂಬ್ಕೊಂಡದೆ. ವೆಲ್ಡಿಂಗು ಯಾಕೆ ಅಂದ್ರೆ, ಅವಳ ಕೆಳಗೆ ಬಿರುಕಿತ್ತು.’

ಇನ್ಸ್‌ಪೆಕ್ಟರು ಮೇಜಿನ ಮೇಲಿನ ಮುಖವನ್ನು ನೋಡಿದರು, ಅವಳನ್ನು ನೋಡಿದರು. ಎದ್ದು ಹೋಗಿ ಕುತ್ತಿಗೆಯನ್ನು ಹೆಬ್ಬೆರಳಿನಿಂದ ತಿಕ್ಕಿ, ಬಿಸಿಲಿಗೆ ಗಾಡಿಯನ್ನು ತಿರುಗಿಸಿದರು. ಕಬ್ಬಿಣದಲ್ಲಿ ಅಂಕಿಗಳು ಬಂಗಾರದ ಎಳೆಯಲ್ಲಿ ಬರೆದ ಹಾಗೆ ಹೊಳೆದವು. ಒಂದೊಂದನ್ನೇ ಓದಿದರು. ಗುಮಾಸ್ತ ಆರ್.ಸಿ. ಪುಸ್ತಕದಲ್ಲಿ ಬೆರಳಿಟ್ಟು ಹೂಂ ಹೂಂ ಎನ್ನುತ್ತಾ ಹೋದ. ಕೊನೆಯ ಅಂಕಿಗೂ ಹೂಂ ಎಂದ.

‘ನಂಬರ್ ಸರಿ ಇದೆ. ಕುತ್ತಿಗೆ?’ ಎಂದರು. ‘ಗೇಟಿನ ತನಕ ಜೋರಾಗಿ ಹೋಗಿ ಎರಡೂ ಬ್ರೇಕ್ ಒಟ್ಟಿಗೆ ಹಿಡಿ. ಹಿಂದೆ ಭಾರ ಇರ್ಬೇಕು. ಯಾರನ್ನಾದ್ರೂ ಕೂರಿಸ್ಕೊ.’

ಸಾಲಿನವರೆಲ್ಲ ಅಲ್ಲಿ ಇಲ್ಲಿ ನೋಡಿದರು. ಗೌರ ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತಳು.

ಗಾಡಿ ಓಡಿದಷ್ಟೂ ಗೇಟು ಹತ್ತಿರ ಬಂತು. ಅವಳಿಗೆ ಕಾಣುತ್ತಿದ್ದುದು ಗೇಟಲ್ಲ, ಬಿಳಿಯ ಪುಡಿಯ ಮೇಲಿನ ಕಪ್ಪು ಗೆರೆ. ನಾಗರಾಜು ಬ್ರೇಕ್ ಹಿಡಿದ. ಗಾಡಿ ಮುಂದಕ್ಕೆ ಮುಗ್ಗರಿಸಿತು, ಅವಳ ಹಣೆ ಅವನ ಬೆನ್ನಿಗೆ ಬಡಿಯಿತು, ಹಿಂದಿನ ಚಕ್ರ ಮಣ್ಣಿನಲ್ಲಿ ಕೊರಕೊರ ಎಂದು ಜಾರಿತು. ನಿಂತಿತು. ಟಕ್ ಎನ್ನಲಿಲ್ಲ. ಅವನ ಬೆನ್ನು ನೆನೆದು ಹೋಗಿತ್ತು.

ಇನ್ಸ್‌ಪೆಕ್ಟರು ಬಂದು ಬೆಸುಗೆಯ ಸುತ್ತ ಬೆರಳಾಡಿಸಿ ರುಜು ಹಾಕಿದರು. ‘ತಿಂಗಳಿಗೊಂದು ಸಲ ಕುತ್ತಿಗೆ ನೋಡಿಕೊಳ್ಳಿ. ದೇವರನ್ನ ಮತ್ತೆ ಅಲ್ಲಿ ಕೂರಿಸಬೇಡಿ. ಮನೇಲಿ ಜಾಗ ಇಲ್ವೇನಮ್ಮ?’

ಮಧ್ಯಾಹ್ನ ಮನೆಗೆ ಬಂದಾಗ ದ್ಯಾವಮ್ಮ ಗೋಡೆಯ ಕಡೆಯಿಂದ ತಿರುಗಿ ಕೂತಿದ್ದಳು. ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬಿರುಕಿನ ಮಾತು ಹೇಳಬೇಡ ಎಂದು ನಾಗರಾಜು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ. ಗೌರ ಮಂಚಮ್ಮನನ್ನು ಅತ್ತೆಯ ಮಡಿಲಿಗೆ ಇಟ್ಟು, ಕೂತು, ಎಲ್ಲವನ್ನೂ ಹೇಳಿದಳು. ಪಾಷಾ ಹೇಳಿದ್ದನ್ನೂ ಹೇಳಿದಳು: ಅವ್ವನೇ ಹಿಡಿದುಕೊಂಡಿದ್ದಳಂತೆ, ಅದಕ್ಕೇ ಮೂರು ವರ್ಷ ನಡೆಯಿತಂತೆ.

ದ್ಯಾವಮ್ಮ ಸಂತೋಷಪಡುತ್ತಾಳೆ ಎಂದುಕೊಂಡಿದ್ದಳು. ಮುದುಕಿ ಕಪ್ಪಾದ ಮುಖವನ್ನು ಸೆರಗಿನಿಂದ ಒರೆಸುತ್ತಾ ಒರೆಸುತ್ತಾ, ಕೈ ನಿಲ್ಲಿಸಿದಳು.

‘ಅವ್ಳು ಹಿಡ್ಕೊಂಡಿದ್ಲು, ಸರಿ’ ಎಂದಳು. ‘ಆದ್ರೆ ನಾನು ಅಲ್ಲಿ ಕೂರುಸ್ದಿದ್ರೆ, ಆವತ್ತೇ ಯಾರ ಕಣ್ಗಾದ್ರೂ ಬೀಳ್ತಿತ್ತಲ್ವಾ ಮಗ ಆ ಬಿರುಕು? ಮುಚ್ಚಿಟ್ಟೋಳು ನಾನೇ ಅಲ್ವಾ?’

ಗೌರ ಮಸಿ ಹತ್ತಿದ ಅತ್ತೆಯ ಕೈಯನ್ನು ಹಿಡಿದುಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಪಾಲಹಳ್ಳಿಯಿಂದ ಆಳು ಬಂತು, ಹಸು ರಾತ್ರಿಯಿಂದ ಕೂಗುತ್ತಿದೆಯಂತೆ. ನಾಗರಾಜು ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಕಿಕ್ಕರಿನ ಮೇಲೆ ಕಾಲಿಟ್ಟ.

‘ತಾಳ್ಲಾ’ ಎಂದಳು ದ್ಯಾವಮ್ಮ.

ಅಂಗಳಕ್ಕೆ ಇಳಿದು ಬಂದು, ಗಾಡಿಯ ಮುಂದೆ ಬಗ್ಗಿದಳು. ‘ಎಲ್ಲಿ ಅದು, ತೋರ್ಸು.’ ಗೌರ ಅತ್ತೆಯ ಹೆಬ್ಬೆರಳನ್ನು ಹಿಡಿದು ಬೆಸುಗೆಯ ಒರಟು ಅಂಚಿನ ಮೇಲಿಟ್ಟಳು. ಮುದುಕಿ ಈ ತುದಿಯಿಂದ ಆ ತುದಿಯವರೆಗೆ, ಕರುವಿನ ಮೂಳೆ ಮುರಿದಿದೆಯೇ ಎಂದು ನೋಡುವ ಹಾಗೆ, ಅವಸರವಿಲ್ಲದೆ ತಡವಿದಳು. ಮತ್ತೊಮ್ಮೆ ತಡವಿದಳು. ನಾಗರಾಜು ಉಸಿರು ಬಿಗಿ ಹಿಡಿದು ಕಾದ.

‘ಓಗು. ಮೆಲ್ಲುಗ್ ಓಗು.’

ಯೆಜ್ಡಿಯ ಸದ್ದು ಬೀದಿ ತಿರುಗಿತು, ಕಬ್ಬಿನ ಗದ್ದೆಯ ಹಿಂದೆ ಸಣ್ಣದಾಯಿತು, ಏರಿ ಹತ್ತುವಾಗ ಮತ್ತೆ ಒಮ್ಮೆ ದೊಡ್ಡದಾಯಿತು. ಒಲೆಯ ಮೇಲೆ ಏನೋ ಸೀದ ವಾಸನೆ ಬರುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಒಳಗೆ ಹೋಗಲಿಲ್ಲ. ಕತ್ತು ಓರೆ ಮಾಡಿಕೊಂಡು ಆ ಸದ್ದನ್ನೇ ಕೇಳುತ್ತಾ ನಿಂತಿದ್ದರು.